ಹಿತ್ತಲಿನ ಮೂಲಿಕೆಗಳು: ಅವುಗಳ ಉಪಯೋಗವೂ ಮಿತಿಯೂ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅರಿಯದವರು ಕನ್ನಡ ನಾಡಿನಲ್ಲಿ ವಿರಳ. ಕೈಗೆಟಕುವ ವಸ್ತುವನ್ನು ಕಡೆಗಣಿಸಿ ದೂರದ ವಸ್ತುವನ್ನು ಹಂಬಲಿಸುವ ಮನುಷ್ಯಸ್ವಭಾವವನ್ನು ಈ ಗಾದೆಯು ಹಳಿಯುತ್ತದೆ. ಬೇಲಿಯಲ್ಲಿ ಆಡುಸೋಗೆ, ಬಾವಿಯ ಬದಿಯ ತೇವದಲ್ಲಿ ಒಂದೆಲಗ, ಹೊಲದ ಬದುವಿನಲ್ಲಿ ನೆಲನೆಲ್ಲಿ, ಅಂಗಳದ ಕಟ್ಟೆಯಲ್ಲಿ ತುಳಸಿ, ಊರ ಮುಂದಿನ ಬೇವಿನ ಮರದ ಮೇಲೆ ಹಬ್ಬಿದ ಅಮೃತಬಳ್ಳಿ, ಇವುಗಳಲ್ಲಿ ಒಂದೆರಡಾದರೂ ಇಲ್ಲದ ಗ್ರಾಮವು ಅಪರೂಪವೆಂದೇ ಹೇಳಬಹುದು. ವೈದ್ಯರೂ ಔಷಧಶಾಲೆಗಳೂ ಹತ್ತಿರವಿಲ್ಲದ ಕಾಲದಲ್ಲಿ ಹಿರಿಯರು, ಅದರಲ್ಲಿಯೂ ಮನೆಯ ವೃದ್ಧ ಸ್ತ್ರೀಯರು, ಈ ಗಿಡಗಳಿಂದಲೇ ಕೆಮ್ಮು ನೆಗಡಿಗಳನ್ನೂ ಗಾಯ ಹುಣ್ಣುಗಳನ್ನೂ ಉಪಶಮನ ಮಾಡುತ್ತಿದ್ದರು.

ಈ ವಿಷಯದಲ್ಲಿ ಜನರು ಎರಡು ಬಗೆಯ ತಪ್ಪುಗಳನ್ನು ಮಾಡುವುದುಂಟು. ಕೆಲವರು ಇವೆಲ್ಲವೂ ಮೂಢನಂಬಿಕೆಯೆಂದು ಬಗೆದು ಬೇಲಿಯ ಗಿಡಗಳನ್ನು ಕಡಿದು ಸುಡುವರು. ಇನ್ನು ಕೆಲವರು ಸೊಪ್ಪಿನ ಮದ್ದಿನಿಂದ ಎಂದಿಗೂ ಕೇಡಿಲ್ಲವೆಂದು ನಂಬಿ, ಹಾವು ಕಚ್ಚಿದವನಿಗೂ ನಾಯಿ ಕಚ್ಚಿದವನಿಗೂ ಬೇರನ್ನು ಅರೆದು ಕುಡಿಸಿ ಅಮೂಲ್ಯವಾದ ವೇಳೆಯನ್ನು ಕಳೆಯುವರು. ಮೊದಲನೆಯ ತಪ್ಪಿನಿಂದ ಸಂಪತ್ತು ನಷ್ಟವಾಗುವುದು. ಎರಡನೆಯ ತಪ್ಪಿನಿಂದ ಪ್ರಾಣವೇ ನಷ್ಟವಾಗುವುದು. ಕಷ್ಟ ಬಂದಾಗ ಗ್ರಾಮಸ್ಥರು ಮೊದಲು ಓಡಿಬರುವುದು ಊರ ಮುಖ್ಯಸ್ಥರ ಮತ್ತು ದೊಡ್ಡ ಹಿಡುವಳಿದಾರರ ಮನೆಯ ಬಾಗಿಲಿಗೆ. ಆ ಹೊತ್ತಿನಲ್ಲಿ ಅವರು ಆಡುವ ಒಂದು ಮಾತಿನ ಮೇಲೆ ರೋಗಿಯ ಗತಿ ನಿಂತಿರುತ್ತದೆ. ಆದುದರಿಂದ ಯಾವ ಮೂಲಿಕೆಯು ಯಾವುದಕ್ಕೆ ಸಲ್ಲುವುದು, ಯಾವುದಕ್ಕೆ ಸಲ್ಲದು ಎಂಬುದನ್ನು ಅವರು ಚೆನ್ನಾಗಿ ತಿಳಿದಿರುವುದು ಅತ್ಯಾವಶ್ಯಕ.

ಸಂಗ್ರಹಿಸುವ ಕ್ರಮ

ಮೂಲಿಕೆಗಳ ವಿಷಯದಲ್ಲಿ ಮೊದಲನೆಯ ನಿಯಮವು ಗಿಡವನ್ನು ತಪ್ಪಿಲ್ಲದೆ ಗುರುತಿಸುವುದು. ಒಂದೇ ಹೆಸರು ಎರಡು ಗಿಡಗಳಿಗೆ ಇರುವುದುಂಟು. ಬ್ರಾಹ್ಮಿ ಎಂಬ ಹೆಸರನ್ನು ಕೆಲವರು ಒಂದೆಲಗಕ್ಕೂ ಕೆಲವರು ನೀರುಬ್ರಾಹ್ಮಿಗೂ ಹೇಳುವರು. ಇವೆರಡೂ ಬೇರೆ ಬೇರೆ ಜಾತಿಯವು. ಆದಕಾರಣ ಹೆಸರನ್ನು ಕೇಳಿದ ಮಾತ್ರಕ್ಕೆ ಗಿಡವನ್ನು ಕೀಳದೆ, ಎಲೆ, ಹೂವು, ಕಾಯಿ, ವಾಸನೆ ಇವೆಲ್ಲವನ್ನೂ ನೋಡಿ, ಅನುಭವಿಗಳಿಗೆ ತೋರಿಸಿ ನಿಶ್ಚಯಿಸಿಕೊಳ್ಳತಕ್ಕದ್ದು.

ಎರಡನೆಯದಾಗಿ, ಗಿಡವು ಬೆಳೆದ ಸ್ಥಳವನ್ನು ಗಮನಿಸಬೇಕು. ಕೀಟನಾಶಕಗಳನ್ನೂ ಕಳೆನಾಶಕಗಳನ್ನೂ ಸಿಂಪಡಿಸಿದ ಹೊಲದ ಬದುವಿನಿಂದ, ಚರಂಡಿಯ ಅಂಚಿನಿಂದ, ವಾಹನಗಳು ಸದಾ ಓಡಾಡುವ ಹೆದ್ದಾರಿಯ ಪಕ್ಕದಿಂದ ತಂದ ಸೊಪ್ಪು ಔಷಧಕ್ಕೆ ಯೋಗ್ಯವಲ್ಲ. ಮೂರನೆಯದಾಗಿ, ಎಲೆಗಳನ್ನು ಇಬ್ಬನಿ ಆರಿದ ಮೇಲೆ ಕೊಯ್ದು, ತೊಳೆದು, ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸಬೇಕು. ಬಿಸಿಲಿನಲ್ಲಿ ಒಣಗಿಸಿದರೆ ಸುವಾಸನೆಯುಳ್ಳ ಎಲೆಗಳ ಎಣ್ಣೆಯ ಅಂಶವು ಬಹುಮಟ್ಟಿಗೆ ಆರಿಹೋಗುವುದು. ತೇವವುಳಿದರೆ ಬೂಷ್ಟು ಹಿಡಿಯುವುದು. ಬೂಷ್ಟು ಹಿಡಿದುದನ್ನು ತಿಪ್ಪೆಗೆ ಹಾಕಬೇಕೇ ಹೊರತು ಬಿಸಿಲಿಗಿಟ್ಟು ಮತ್ತೆ ಬಳಸಕೂಡದು.

ಆಡುಸೋಗೆ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಮಾತಿಗೆ ಅಪವಾದವೆಂದರೆ ಆಡುಸೋಗೆ. ಇದರ ಕಹಿಯ ಕಾರಣದಿಂದ ದನಕರುಗಳೂ ಆಡುಗಳೂ ಇದಕ್ಕೆ ಬಾಯಿ ಹಾಕುವುದು ಅಪರೂಪ. ಹಾಗಾಗಿಯೇ ಇದು ಬೇಲಿಗೆ ಬಹು ಯೋಗ್ಯವಾದ ಗಿಡವೆನಿಸಿದೆ. ಸಂಸ್ಕೃತದಲ್ಲಿ ಇದಕ್ಕೆ ವಾಸಾ ಎಂದು ಹೆಸರು. ನೀಳವಾದ ಹಸಿರೆಲೆ, ಗೊಂಚಲಾದ ಬಿಳಿಯ ಹೂವು ಇದರ ಗುರುತು. ರೆಂಬೆಯನ್ನು ಕಡಿದು ನೆಟ್ಟರೆ ಮಳೆಗಾಲದಲ್ಲಿ ಸುಲಭವಾಗಿ ಚಿಗುರುವುದು. ಇದರ ಸೊಪ್ಪನ್ನು ಗದ್ದೆಗೆ ಹಸಿರು ಗೊಬ್ಬರವಾಗಿ ತುಳಿಸುವ ವಾಡಿಕೆಯೂ ಉಂಟು.

ಕಫದ ಕೆಮ್ಮಿಗೆ ಇದರ ಎಲೆಯನ್ನು ಬಾಡಿಸಿ ಹಿಂಡಿದ ರಸವನ್ನು ಒಂದೆರಡು ಚಮಚದಷ್ಟು ಜೇನುತುಪ್ಪದೊಡನೆ ವಯಸ್ಕರಿಗೆ ಕೊಡುವುದು ಹಳೆಯ ಪದ್ಧತಿ. ಈ ಪದ್ಧತಿಗೆ ಆಧಾರವಿಲ್ಲದೆ ಇಲ್ಲ. ಎಲೆಯಲ್ಲಿ ವ್ಯಾಸಿಸಿನ್ ಎಂಬ ಕ್ಷಾರಸತ್ವವಿದ್ದು, ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ವಿಜ್ಞಾನಿಗಳು ಬ್ರೊಮ್‌ಹೆಕ್ಸಿನ್ ಎಂಬ ಔಷಧವನ್ನು ರಚಿಸಿದರು. ೧೯೬೦ರ ದಶಕದಿಂದ ಬಳಕೆಗೆ ಬಂದ ಈ ಔಷಧವು ಇಂದು ಅಂಗಡಿಗಳಲ್ಲಿ ದೊರೆಯುವ ಅನೇಕ ಕೆಮ್ಮಿನ ಪಾನಕಗಳಲ್ಲಿದೆ. ಪಟ್ಟಣದಿಂದ ಹಣ ತೆತ್ತು ತರುವ ಸೀಸೆಯ ಮೂಲವು ಬೇಲಿಯಲ್ಲಿಯೇ ಇರುವುದೆಂಬುದನ್ನು ರೈತರು ತಿಳಿಯಬೇಕು.

ಆದರೆ ಎರಡು ಎಚ್ಚರಿಕೆಗಳು ಅವಶ್ಯ. ಇದೇ ಸತ್ವವು ಗರ್ಭಕೋಶವನ್ನು ಸಂಕೋಚಗೊಳಿಸುವುದರಿಂದ ಗರ್ಭಿಣಿಯರಿಗೆ ಆಡುಸೋಗೆಯನ್ನು ಎಂದಿಗೂ ಕೊಡಕೂಡದು. ಎರಡು ವಾರಗಳನ್ನು ಮೀರಿದ ಕೆಮ್ಮು, ಸಂಜೆಯ ಜ್ವರ, ಮೈ ಇಳಿಯುವುದು, ಕಫದಲ್ಲಿ ರಕ್ತ ಇವು ಕ್ಷಯದ ಲಕ್ಷಣಗಳಾಗಿರಬಹುದು. ಅಂಥವರಿಗೆ ಕಷಾಯ ಕುಡಿಸುತ್ತ ಕೂರದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ನಡೆಯುವ ಕಫಪರೀಕ್ಷೆಗೆ ಕಳುಹಿಸತಕ್ಕದ್ದು.

ತುಳಸಿ ಮತ್ತು ದೊಡ್ಡಪತ್ರೆ

ನೆಗಡಿ, ಗಂಟಲು ನೋವು, ಸಾಧಾರಣ ಕೆಮ್ಮು ಇವುಗಳಿಗೆ ತುಳಸಿ, ಶುಂಠಿ, ಮೆಣಸು ಹಾಕಿ ಕುದಿಸಿದ ಕಷಾಯವನ್ನು ಕುಡಿಯದ ಮನೆಯಿಲ್ಲ. ತುಳಸಿಯ ಎಲೆಯಲ್ಲಿ ಲವಂಗದಲ್ಲಿರುವಂಥದೇ ಆದ ಯೂಜಿನಾಲ್ ಎಂಬ ಸುಗಂಧ ತೈಲಾಂಶವೂ, ದೊಡ್ಡಪತ್ರೆಯ ದಪ್ಪ ಎಲೆಯಲ್ಲಿ ಓಮದ ವಾಸನೆಗೆ ಕಾರಣವಾದ ತೈಲಾಂಶಗಳೂ ಇವೆ. ದೊಡ್ಡಪತ್ರೆಯ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ರಸ ಹಿಂಡಿ ಕೊಡುವುದೂ, ತಂಬುಳಿ ಮಾಡಿ ಅನ್ನದೊಡನೆ ಉಣ್ಣುವುದೂ ರೂಢಿಯಲ್ಲಿದೆ. ಇವು ಗಂಟಲಿಗೆ ಹಿತವನ್ನುಂಟುಮಾಡುತ್ತವೆ. ನೆಗಡಿಯು ತನ್ನಷ್ಟಕ್ಕೆ ಇಳಿಯುವವರೆಗೆ ರೋಗಿಗೆ ಉಪಶಮನವನ್ನು ಕೊಡುತ್ತವೆ.

ಇಲ್ಲಿ ತಾಯಂದಿರಿಗೆ ತಿಳಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಒಂದು ವರ್ಷ ತುಂಬದ ಶಿಶುವಿಗೆ ಯಾವ ಮದ್ದಿನೊಡನೆಯೂ ಜೇನುತುಪ್ಪವನ್ನು ನೆಕ್ಕಿಸಕೂಡದು. ಶುದ್ಧವಾದ ಜೇನಿನಲ್ಲಿಯೂ ಇರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು, ಅಂಗಾಂಗಗಳ ಶಕ್ತಿಯನ್ನು ಕುಂದಿಸುವ ಘೋರವಾದ ರೋಗವನ್ನುಂಟುಮಾಡಬಲ್ಲವು. ಮಗುವು ಏದುಸಿರು ಬಿಡುತ್ತಿದ್ದರೆ, ಎದೆಯ ಗೂಡು ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಕುಡಿಯುವುದನ್ನು ಬಿಟ್ಟರೆ, ಅದು ನೆಗಡಿಯಲ್ಲ. ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಒಂದೆಲಗ

ತೇವವಿರುವ ಕಡೆಗಳಲ್ಲಿ, ಅಡಕೆ ತೋಟದ ಕಾಲುವೆಗಳ ಅಂಚಿನಲ್ಲಿ ನೆಲಕ್ಕೆ ಹಬ್ಬಿ ಬೆಳೆಯುವ ಈ ಮೂಲಿಕೆಗೆ ಕರಾವಳಿಯಲ್ಲಿ ತಿಮರೆ ಎಂದು ಹೆಸರು. ಚಟ್ನಿ, ತಂಬುಳಿಗಳಿಗೆ ಇದು ಮಲೆನಾಡಿನಲ್ಲಿ ನಿತ್ಯದ ಸೊಪ್ಪು. ಮಕ್ಕಳ ಬುದ್ಧಿಶಕ್ತಿಗೂ ಜ್ಞಾಪಕಶಕ್ತಿಗೂ ಇದು ಒಳ್ಳೆಯದೆಂಬ ನಂಬಿಕೆ ಬಹು ಹಳೆಯದು. ಆ ಗುಣವು ಇನ್ನೂ ನಿಸ್ಸಂದೇಹವಾಗಿ ಸಿದ್ಧಪಟ್ಟಿಲ್ಲ. ಗಾಯ ಮಾಯುವುದಕ್ಕೆ ಇದರಲ್ಲಿರುವ ಏಷಿಯಾಟಿಕೋಸೈಡ್ ಎಂಬ ಅಂಶವು ಸಹಕಾರಿಯೆಂಬುದಕ್ಕೆ ಹೆಚ್ಚಿನ ಆಧಾರವಿದ್ದು, ಅದನ್ನು ಚರ್ಮದ ಲೇಪಗಳಲ್ಲಿ ಬಳಸಲಾಗುತ್ತಿದೆ. ನೀರಿನ ಬದಿಯಲ್ಲಿ ಬೆಳೆಯುವ ಸೊಪ್ಪಾದುದರಿಂದ ಹುಳುಗಳ ತತ್ತಿಗಳೂ ಕಲ್ಮಷಗಳೂ ಅಂಟಿರುವ ಸಂಭವವುಂಟು. ಹಸಿಯಾಗಿ ತಿನ್ನುವ ಮುನ್ನ ಶುದ್ಧವಾದ ನೀರಿನಲ್ಲಿ ಹಲವು ಬಾರಿ ತೊಳೆಯುವುದು ಅವಶ್ಯ. ಬಚ್ಚಲ ನೀರು ಹರಿಯುವಲ್ಲಿ ಬೆಳೆದುದನ್ನು ತಿನ್ನದೆ, ಮಣ್ಣಿನ ಕುಂಡದಲ್ಲಿ ಬೇರೆಯಾಗಿ ಬೆಳೆಸಿಕೊಳ್ಳುವುದು ಲೇಸು.

ಅರಿಶಿನ ಮತ್ತು ಲೋಳೆಸರ

ಕುಡುಗೋಲು ತಾಗಿದ ಕೈಗೆ ಅರಿಶಿನದ ಪುಡಿಯನ್ನು ಒತ್ತುವುದು ರೈತರಿಗೆ ಯಾರೂ ಕಲಿಸಬೇಕಾದ ವಿಷಯವಲ್ಲ. ಆದರೆ ಈ ಮನೆಮಾತಾದ ವಿದ್ಯೆಗೇ ೧೯೯೫ರಲ್ಲಿ ಅಮೆರಿಕ ದೇಶದಲ್ಲಿ ಹಕ್ಕುಸ್ವಾಮ್ಯ ಪತ್ರವೊಂದು ದೊರೆಯಿತು. ಗಾಯ ಮಾಯಿಸಲು ಅರಿಶಿನವನ್ನು ಬಳಸುವುದು ಹೊಸ ಶೋಧವೆಂದು ಅಲ್ಲಿ ವಾದಿಸಲಾಗಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಹಳೆಯ ಗ್ರಂಥಗಳ ಆಧಾರಗಳನ್ನು ಮುಂದಿಟ್ಟು ಹೋರಾಡಿದ ಫಲವಾಗಿ ೧೯೯೭ರಲ್ಲಿ ಆ ಪತ್ರವು ರದ್ದಾಯಿತು. ಬರೆದಿಟ್ಟ ಆಧಾರವಿದ್ದುದರಿಂದಲೇ ಈ ಜಯವು ಲಭಿಸಿತೆಂಬುದನ್ನು ಗ್ರಾಮದ ಹಿರಿಯರು ನೆನಪಿನಲ್ಲಿಡಬೇಕು.

ಮಾರುಕಟ್ಟೆಯ ಪುಡಿಗೆ ಕೆಲವು ವ್ಯಾಪಾರಿಗಳು ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಎಂಬ ವಿಷವಸ್ತುವನ್ನು ಬೆರೆಸುವುದುಂಟು. ಸೀಸವು ಮಕ್ಕಳ ಮೆದುಳಿಗೆ ಹಾನಿಕರ. ಆದುದರಿಂದ ಮನೆಬಳಕೆಗೆ ಹಿತ್ತಲಿನಲ್ಲಿ ಒಂದು ಮಡಿ ಅರಿಶಿನವನ್ನು ಬೆಳೆದು, ಬೇಯಿಸಿ, ಒಣಗಿಸಿ, ಪುಡಿ ಮಾಡಿಟ್ಟುಕೊಳ್ಳುವುದು ಉತ್ತಮ. ಅರಿಶಿನವು ಸಣ್ಣ ಗಾಯಕ್ಕೆ ಮಾತ್ರ ಸಾಕು. ತುಕ್ಕು ಹಿಡಿದ ಮೊಳೆ, ನೇಗಿಲಿನ ಗುಳ, ಗೊಬ್ಬರದ ಮಣ್ಣು ತಾಗಿದ ಗಾಯವಾದರೆ ಸಾಬೂನು ನೀರಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದನ್ನು ಹಾಕಿಸಿಕೊಳ್ಳಬೇಕು.

ಲೋಳೆಸರದ ತಿರುಳು ಸಣ್ಣಪುಟ್ಟ ಸುಟ್ಟ ಗಾಯಗಳಿಗೆ ತಂಪನ್ನೀಯುವುದು. ಆದರೆ ಸುಟ್ಟ ಕೂಡಲೆ ಮಾಡತಕ್ಕ ಕೆಲಸವು ತಣ್ಣೀರನ್ನು ೨೦ ನಿಮಿಷಗಳವರೆಗೆ ಹರಿಯಬಿಡುವುದು. ಲೇಪವೆಲ್ಲ ಅನಂತರದ ಮಾತು. ಎಲೆಯನ್ನು ಕತ್ತರಿಸಿದಾಗ ಸಿಪ್ಪೆಯ ಕೆಳಗಿನಿಂದ ಒಸರುವ ಹಳದಿ ರಸವು ತೀಕ್ಷ್ಣವಾದ ಭೇದಿಕಾರಕ. ಅದನ್ನು ಸೋರಿಹೋಗಲು ಬಿಟ್ಟು ಒಳಗಿನ ತಿರುಳನ್ನಷ್ಟೇ ಬಳಸಬೇಕು.

ಬೇವು

ಬೇವಿನ ಎಲೆಯನ್ನು ಹಾಕಿ ಕಾಯಿಸಿದ ನೀರಿನ ಸ್ನಾನವು ತುರಿಕೆ ಕಜ್ಜಿಗಳಿಗೆ ಹಿತಕರವೆಂದು ಎಲ್ಲರೂ ಬಲ್ಲರು. ಒಣಗಿದ ಬೇವಿನೆಲೆಯನ್ನು ಕಾಳಿನ ಮೂಟೆಗಳಲ್ಲಿ ಇಡುವ ರೂಢಿಯೂ ಪ್ರಾಚೀನವಾದುದು. ಬೇಸಾಯಕ್ಕಂತೂ ಬೇವಿನ ಬೀಜವು ಬಹು ಉಪಯುಕ್ತ. ೫ ಕಿಲೋಗ್ರಾಂ ಬೀಜದ ತಿರುಳನ್ನು ಜಜ್ಜಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ೧೦೦ ಲೀಟರಿಗೆ ನೀರು ಬೆರೆಸಿ, ಎಲೆಗೆ ಅಂಟುವಂತೆ ಸ್ವಲ್ಪ ಸಾಬೂನನ್ನು ಕದಡಿ, ಸಂಜೆಯ ಹೊತ್ತು ಸಿಂಪಡಿಸಿದರೆ ಎಲೆ ತಿನ್ನುವ ಮತ್ತು ರಸ ಹೀರುವ ಅನೇಕ ಹುಳುಗಳ ಬಾಧೆ ತಗ್ಗುವುದು. ಬೇವಿನೆಣ್ಣೆಯ ಶಿಲೀಂಧ್ರನಾಶಕ ಗುಣದ ಮೇಲೆ ಯುರೋಪಿನಲ್ಲಿ ೧೯೯೪ರಲ್ಲಿ ಕೊಡಲ್ಪಟ್ಟಿದ್ದ ಹಕ್ಕುಸ್ವಾಮ್ಯವು ೨೦೦೦ದಲ್ಲಿ ರದ್ದಾಗಿ, ಆ ತೀರ್ಪು ೨೦೦೫ರಲ್ಲಿ ಮೇಲ್ಮನವಿಯಲ್ಲಿಯೂ ಸ್ಥಿರವಾಯಿತು.

ಬೇವಿನೆಣ್ಣೆಯನ್ನು ಮೈಗೆ ಹಚ್ಚಬಹುದು, ಮಕ್ಕಳಿಗೆ ಕುಡಿಸಕೂಡದು. ಜಂತುವಿಗೆಂದು ಶಿಶುಗಳಿಗೆ ಈ ಎಣ್ಣೆಯನ್ನು ಕುಡಿಸಿದ್ದರಿಂದ ವಾಂತಿ, ಸೆಳವು, ಮೈಮರೆವು ಉಂಟಾಗಿ ಪ್ರಾಣಾಪಾಯವೊದಗಿದ ಸಂದರ್ಭಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಜಂತುವಿನ ಮಾತ್ರೆಗಳನ್ನು ಅಂಗನವಾಡಿಗಳಲ್ಲಿಯೂ ಶಾಲೆಗಳಲ್ಲಿಯೂ ಉಚಿತವಾಗಿ ಕೊಡುತ್ತಿರುವಾಗ ಇಂಥ ಸಾಹಸಕ್ಕೆ ಕಾರಣವೇ ಇಲ್ಲ.

ನೆಲನೆಲ್ಲಿ

ಮಳೆ ಬಿದ್ದೊಡನೆ ಹೊಲಗಳಲ್ಲಿ ಕಳೆಯಾಗಿ ಹುಟ್ಟುವ ಈ ಸಣ್ಣ ಗಿಡದ ಎಲೆಗಳ ಅಡಿಯಲ್ಲಿ ಸಾಸಿವೆಯಂಥ ಕಾಯಿಗಳು ಸಾಲಾಗಿ ಇರುತ್ತವೆ. ಕಾಮಾಲೆಗೆ ಇದನ್ನು ಅರೆದು ಮಜ್ಜಿಗೆಯಲ್ಲಿಯೋ ಹಾಲಿನಲ್ಲಿಯೋ ಕೊಡುವ ನಾಟಿ ವೈದ್ಯರು ಅನೇಕ ಊರುಗಳಲ್ಲಿರುವರು. ೧೯೮೮ರಲ್ಲಿ ಮದರಾಸಿನ ವೈದ್ಯರು ಇದನ್ನು ಬಿ ಬಗೆಯ ಕಾಮಾಲೆಯ ವಿಷಾಣುವನ್ನು ಹೊತ್ತವರಿಗೆ ಕೊಟ್ಟು, ಹಲವರಲ್ಲಿ ವಿಷಾಣುವಿನ ಗುರುತು ಮಾಯವಾಯಿತೆಂದು ಲಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಿಂದ ಲೋಕದಲ್ಲೆಲ್ಲ ಈ ಗಿಡದ ಹೆಸರು ಹರಡಿತು. ಆದರೆ ಬೇರೆಡೆಗಳಲ್ಲಿ ನಡೆದ ಮುಂದಿನ ಪರೀಕ್ಷೆಗಳಲ್ಲಿ ಅಂಥ ಫಲವು ಕಂಡುಬರಲಿಲ್ಲ.

ಹಾಗಾದರೆ ನಾಟಿ ಔಷಧದಿಂದ ಕಾಮಾಲೆ ವಾಸಿಯಾದವರು ಇರುವುದು ಹೇಗೆ ಎಂದು ಕೇಳುವುದು ಸಹಜ. ಗ್ರಾಮಗಳಲ್ಲಿ ಕಾಣುವ ಕಾಮಾಲೆಯ ಬಹುಭಾಗವು ಕಲುಷಿತವಾದ ನೀರಿನಿಂದ ಹರಡುವ ಎ ಮತ್ತು ಇ ಬಗೆಯ ವಿಷಾಣುಗಳಿಂದ ಬರುವುದು. ಇದು ಹೆಚ್ಚಿನವರಲ್ಲಿ ಕೆಲವು ವಾರಗಳೊಳಗೆ ತನ್ನಿಂದ ತಾನೇ ಇಳಿದುಹೋಗುವುದು. ಆ ಅವಧಿಯಲ್ಲಿ ಯಾವ ಸೊಪ್ಪನ್ನು ಕೊಟ್ಟರೂ ಕೀರ್ತಿ ಆ ಸೊಪ್ಪಿಗೇ ಸಲ್ಲುವುದು. ತನ್ನಿಂದ ತಾನೇ ಇಳಿಯದ ಕಾಮಾಲೆಯೂ ಉಂಟು. ಅದರಲ್ಲಿಯೂ ಗರ್ಭಿಣಿಗೆ ಇ ಬಗೆಯ ಕಾಮಾಲೆಯು ಮಾರಕವಾಗಬಲ್ಲದು. ಕಣ್ಣು ಹಳದಿಯಾದ ಗರ್ಭಿಣಿಯನ್ನು ಸೊಪ್ಪಿನ ಮದ್ದಿಗೆಂದು ಊರೂರು ತಿರುಗಿಸದೆ ಅಂದೇ ಆಸ್ಪತ್ರೆಗೆ ಸೇರಿಸತಕ್ಕದ್ದು. ಕಾಮಾಲೆಯವರಲ್ಲಿ ತೂಕಡಿಕೆ, ತೊದಲು ಮಾತು, ರಕ್ತ ಸೋರುವಿಕೆ ಕಂಡರೂ ಹೀಗೆಯೇ ನಡೆಯಬೇಕು. ಒಂದು ಬೀದಿಯಲ್ಲಿ ಇಬ್ಬರು ಮೂವರಿಗೆ ಕಾಮಾಲೆ ಬಂದರೆ ಮೊದಲು ಪರೀಕ್ಷಿಸಬೇಕಾದುದು ಕುಡಿಯುವ ನೀರಿನ ತೊಟ್ಟಿಯನ್ನು; ಅದು ಗ್ರಾಮದ ಮುಖ್ಯಸ್ಥರ ಕೆಲಸ.

ಅಮೃತಬಳ್ಳಿ

ಹೃದಯಾಕಾರದ ಎಲೆಯೂ ಕಹಿಯಾದ ಕಾಂಡವೂ ಉಳ್ಳ ಈ ಬಳ್ಳಿಯು ಕಡಿದು ಹಾಕಿದರೂ ಮೇಲಿನಿಂದ ಬೇರು ಇಳಿಬಿಟ್ಟು ಬದುಕುವುದು. ಆ ಹೆಸರಿಗೆ ತಕ್ಕ ಗುಣವೇ ಸರಿ. ಜ್ವರಕ್ಕೆ ಇದರ ಕಾಂಡದ ಕಷಾಯವು ಪ್ರಸಿದ್ಧ. ೨೦೨೦ರಿಂದ ಕೊರೋನ ರೋಗದ ಭಯದಲ್ಲಿ ಅಸಂಖ್ಯಾತ ಜನರು ಇದನ್ನು ತಿಂಗಳುಗಟ್ಟಲೆ ದಿನವೂ ಸೇವಿಸಿದರು. ಅಂಥವರಲ್ಲಿ ಕೆಲವರಿಗೆ ಯಕೃತ್ತಿನ ಬಾಧೆಯುಂಟಾದುದನ್ನು ೨೦೨೧ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯವು ಇದನ್ನು ಒಪ್ಪದೆ, ಅಮೃತಬಳ್ಳಿಯನ್ನೇ ಹೋಲುವ ಅದರ ಸೋದರಜಾತಿಯ ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದೆಂದು ಸೂಚಿಸಿತು. ವಾದವು ಹೇಗೇ ಇರಲಿ, ರೈತರಿಗೆ ಇದರಿಂದ ದೊರೆಯುವ ಪಾಠವು ಸ್ಪಷ್ಟ: ಸರಿಯಾಗಿ ಗುರುತಿಸದ ಬಳ್ಳಿಯನ್ನು ಬಳಸಬಾರದು, ಗುರುತಿಸಿದ್ದನ್ನೂ ನಿತ್ಯದ ಆಹಾರದಂತೆ ತಿಂಗಳುಗಟ್ಟಲೆ ಸೇವಿಸಬಾರದು. ಮೊದಲೇ ಯಕೃತ್ತಿನ ರೋಗವುಳ್ಳವರೂ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಕೂಡದು.

ಬಜೆ

ಕೂಸಿಗೆ ಮಾತು ಬೇಗ ಬರಲೆಂದೂ ಹೊಟ್ಟೆಯುಬ್ಬರ ಇಳಿಯಲೆಂದೂ ಬಜೆಯ ಬೇರನ್ನು ಕಲ್ಲಿನ ಮೇಲೆ ತೇಯ್ದು ನೆಕ್ಕಿಸುವುದು ಮನೆಮನೆಯ ಸಂಪ್ರದಾಯ. ಇದು ಪ್ರೀತಿಯಿಂದ ಮಾಡುವ ಕಾರ್ಯವಾದರೂ, ಈಗಿನ ತಿಳಿವಳಿಕೆಯಂತೆ ಬಿಡತಕ್ಕದ್ದಾಗಿದೆ. ಬಜೆಯಲ್ಲಿರುವ ಬೀಟಾ ಅಸರೋನ್ ಎಂಬ ಅಂಶವು ಪ್ರಾಣಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಗಡ್ಡೆರೋಗವನ್ನುಂಟುಮಾಡಿದುದರಿಂದ, ಅಮೆರಿಕ ದೇಶವು ೧೯೬೮ರಲ್ಲಿಯೇ ಆಹಾರದಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲಲ್ಲದೆ ಬೇರೆ ಯಾವ ವಸ್ತುವೂ ಬೇಕಿಲ್ಲ. ಬಿತ್ತನೆಗೆಂದು ಎತ್ತಿಟ್ಟ ಕಾಳಿಗೆ ಹುಳು ಬೀಳದಂತೆ ಬಜೆಯ ಪುಡಿಯನ್ನು ಬೆರೆಸುವ ಹಳೆಯ ಪದ್ಧತಿಯನ್ನು ಮಾತ್ರ ಧಾರಾಳವಾಗಿ ಮುಂದುವರಿಸಬಹುದು; ಹಾಗೆ ಬೆರೆಸಿದ ಕಾಳನ್ನು ಅಡುಗೆಗೆ ಉಪಯೋಗಿಸಬಾರದು.

ಸರ್ಪಗಂಧಿಯೂ ಹಾವಿನ ಕಡಿತವೂ

ಸರ್ಪಗಂಧಿಯ ಬೇರು ಬಹುಕಾಲದಿಂದ ಉನ್ಮಾದಕ್ಕೂ ನಿದ್ರೆಯಿಲ್ಲದವರಿಗೂ ಬಳಕೆಯಲ್ಲಿತ್ತು. ಬೊಂಬಾಯಿಯ ವೈದ್ಯರಾದ ರುಸ್ತುಂ ಜಾಲ್ ವಕೀಲರು ಈ ಬೇರು ರಕ್ತದ ಒತ್ತಡವನ್ನು ಇಳಿಸುವುದೆಂದು ೧೯೪೯ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಇದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಹಳ್ಳಿಯ ಮದ್ದೊಂದು ಲೋಕದ ವೈದ್ಯಕ್ಕೆ ಕಾಣಿಕೆಯಾದುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ವಿರಳ. ಆದರೆ ಬೇರಿಗಾಗಿ ಗಿಡವನ್ನೇ ಕಿತ್ತು ಮಾರಿದುದರಿಂದ ಕಾಡಿನಲ್ಲಿ ಇದು ಅಪರೂಪವಾಯಿತು. ೧೯೯೦ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರವು ನಿರ್ಬಂಧಕ್ಕೊಳಪಟ್ಟಿದೆ.

ಸರ್ಪಗಂಧಿಯೆಂಬ ಹೆಸರನ್ನು ಕೇಳಿ ಇದು ಹಾವಿನ ವಿಷಕ್ಕೆ ಮದ್ದೆಂದು ನಂಬುವವರುಂಟು. ಆ ನಂಬಿಕೆಯು ಪ್ರಾಣಘಾತುಕವಾದುದು. ಹಾವಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದಲ್ಲದೆ ಬೇರೆ ಸಿದ್ಧವಾದ ಔಷಧವಿಲ್ಲ. ಭಾರತದಲ್ಲಿ ತಯಾರಾಗುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೂ ಸಲ್ಲುವುದು. ನಾಟಿ ಮದ್ದಿನಿಂದ ಬದುಕಿದವರ ಕಥೆಗಳು ಪ್ರತಿ ಊರಿನಲ್ಲಿಯೂ ಇರುವುದಕ್ಕೆ ಕಾರಣವಿದೆ. ಕಚ್ಚುವ ಹಾವುಗಳಲ್ಲಿ ಅನೇಕವು ವಿಷರಹಿತವಾದವು. ವಿಷದ ಹಾವೂ ಕೆಲವು ಸಲ ವಿಷವನ್ನು ಬಿಡದೆಯೇ ಕಚ್ಚುವುದು. ಅಂಥವರು ಏನನ್ನೂ ಕೊಡದಿದ್ದರೂ ಬದುಕುತ್ತಿದ್ದರು. ನಿಜವಾಗಿ ವಿಷವೇರಿದವನ ಪಾಲಿಗೆ ಬೇರು ಅರೆಯುವ ಒಂದು ಗಂಟೆಯೇ ಸಾವುಬದುಕಿನ ನಡುವಿನ ಅಂತರವಾಗುವುದು.

ಕಡಿತಕ್ಕೊಳಗಾದವನನ್ನು ನಡೆಯಿಸದೆ, ಆ ಅಂಗವನ್ನು ಅಲುಗಾಡಿಸದೆ, ಉಂಗುರ ಬಳೆಗಳನ್ನು ತೆಗೆದು, ಧೈರ್ಯ ಹೇಳಿ, ೧೦೮ಕ್ಕೆ ಕರೆಮಾಡಿ ಅಥವಾ ದೊರೆತ ವಾಹನದಲ್ಲಿ ಆಸ್ಪತ್ರೆಗೆ ಸಾಗಿಸಬೇಕು. ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯವನ್ನು ಕೊಯ್ಯುವುದು, ಬಾಯಿಯಿಂದ ಹೀರುವುದು ಇವೆಲ್ಲವೂ ಹಾನಿಕರ. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕ ಪ್ರಕರಣವೆಂದು ಘೋಷಿಸಿದೆ. ಹುಚ್ಚುನಾಯಿಯ ಕಡಿತಕ್ಕೂ ಇದೇ ಮಾತು ಅನ್ವಯಿಸುವುದು. ಗಾಯಕ್ಕೆ ಎಕ್ಕದ ಹಾಲು, ಸುಣ್ಣ, ಮೆಣಸಿನಪುಡಿಗಳನ್ನು ಹಚ್ಚದೆ, ಸಾಬೂನು ಮತ್ತು ಹರಿಯುವ ನೀರಿನಿಂದ ೧೫ ನಿಮಿಷ ತೊಳೆದು ಅಂದೇ ಲಸಿಕೆಗೆ ಹೋಗಬೇಕು. ಆ ರೋಗದ ಲಕ್ಷಣಗಳು ಕಂಡ ಮೇಲೆ ಬದುಕುವ ಆಸೆ ಇಲ್ಲವೆಂದೇ ತಿಳಿಯಬೇಕು.

ಬೇಲಿಯಲ್ಲಿರುವ ವಿಷಗಳು

ಮದ್ದಿನ ಗಿಡದ ಪಕ್ಕದಲ್ಲಿಯೇ ವಿಷದ ಗಿಡವೂ ಬೆಳೆಯುವುದು. ಉಮ್ಮತ್ತಿಯ ಬೀಜ, ಕಣಗಿಲೆಯ ಎಲ್ಲ ಭಾಗಗಳು, ಗುಲಗಂಜಿ ಮತ್ತು ಹರಳಿನ ಬೀಜಗಳು, ಗೌರಿಹೂವಿನ ಗೆಡ್ಡೆ, ಕಾಸರಕದ ಬೀಜ ಇವೆಲ್ಲವೂ ಸ್ವಲ್ಪವೇ ಹೊಟ್ಟೆಗೆ ಹೋದರೂ ಮಾರಕವಾಗಬಲ್ಲವು. ಇವುಗಳಲ್ಲಿ ಹಲವನ್ನು ಶಾಸ್ತ್ರವನ್ನರಿತ ವೈದ್ಯರು ಶುದ್ಧಿಮಾಡಿ ಬಳಸುವುದುಂಟಾದರೂ, ಅದು ಮನೆಯಲ್ಲಿ ಮಾಡತಕ್ಕ ಕೆಲಸವಲ್ಲ. ಶಾಲೆಯ ಆವರಣದಲ್ಲಿ ಇಂಥ ಗಿಡಗಳಿದ್ದರೆ ತೆಗೆಸುವುದೂ, ಮಕ್ಕಳಿಗೆ ಅವುಗಳ ಗುರುತನ್ನು ಹೇಳಿಕೊಡುವುದೂ ಒಳ್ಳೆಯದು.

ದನಗಳ ಕೆಚ್ಚಲುಬಾವಿಗೆ

ಹಾಲು ಕರೆಯುವ ಹಸುಗಳಿಗೆ ಬರುವ ಕೆಚ್ಚಲುಬಾವಿನಿಂದ ರೈತರಿಗಾಗುವ ನಷ್ಟವು ಸಣ್ಣದಲ್ಲ. ಅದಕ್ಕೆ ಕೊಡುವ ಚುಚ್ಚುಮದ್ದಿನ ಶೇಷವು ಹಾಲಿನಲ್ಲಿ ಉಳಿಯುವುದರಿಂದ ಆ ಹಾಲನ್ನು ಕೆಲವು ದಿನ ಮಾರುವಂತೆಯೂ ಇಲ್ಲ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಪ್ರಚಾರ ಮಾಡುತ್ತಿರುವ ಮನೆಮದ್ದು ಹೀಗಿದೆ: ಲೋಳೆಸರ ೨೫೦ ಗ್ರಾಂ, ಅರಿಶಿನದ ಪುಡಿ ೫೦ ಗ್ರಾಂ, ಸುಣ್ಣ ೧೫ ಗ್ರಾಂ ಇವುಗಳನ್ನು ನುಣ್ಣಗೆ ಅರೆದು, ಒಂದೊಂದು ಹಿಡಿಯನ್ನು ನೀರಿನಲ್ಲಿ ತೆಳುವಾಗಿ ಕದಡಿ, ಕೆಚ್ಚಲನ್ನು ತೊಳೆದು ಹಾಲನ್ನೆಲ್ಲ ಕರೆದು ಬರಿದು ಮಾಡಿ, ದಿನಕ್ಕೆ ೮ರಿಂದ ೧೦ ಬಾರಿಯಂತೆ ೫ ದಿನ ಹಚ್ಚಬೇಕು. ಪ್ರತಿದಿನವೂ ಹೊಸದಾಗಿ ಅರೆಯಬೇಕು. ಬಾವಿನ ಆರಂಭದಲ್ಲಿಯೇ ಮಾಡಿದರೆ ಫಲ ಹೆಚ್ಚು. ಹಸುವಿಗೆ ಜ್ವರ ಬಂದು ಮೇವು ಬಿಟ್ಟರೆ, ಹಾಲಿನಲ್ಲಿ ರಕ್ತ ಕೀವು ಕಂಡರೆ, ಪಶುವೈದ್ಯರನ್ನು ಕರೆಸತಕ್ಕದ್ದು.

ಗ್ರಾಮದ ಮುಖ್ಯಸ್ಥರ ಕರ್ತವ್ಯ

ಹಿತ್ತಲಿನ ಮದ್ದು ಹಿತ್ತಲಿನಲ್ಲಿ ಉಳಿಯಬೇಕಾದರೆ ಗಿಡವೂ ಉಳಿಯಬೇಕು, ಗಿಡದ ತಿಳಿವಳಿಕೆಯೂ ಉಳಿಯಬೇಕು. ಕಲ್ಲುಕಂಬ ಮುಳ್ಳುತಂತಿಗಳ ಬೇಲಿಯಿಂದಾಗಿ ಜೀವಂತ ಬೇಲಿಯು ಊರೂರಿನಲ್ಲಿ ಮರೆಯಾಗುತ್ತಿದೆ. ಭೂಮಾಲಿಕರು ತಮ್ಮ ತೋಟದ ಒಂದು ಮಗ್ಗುಲನ್ನಾದರೂ ಆಡುಸೋಗೆ, ಲಕ್ಕಿ, ಬೇವುಗಳಿಗೆ ಬಿಡಬಹುದು. ಇದಕ್ಕೆ ವಿಶೇಷ ಖರ್ಚಿಲ್ಲ. ಹೆಚ್ಚಿನ ಜಮೀನಿನಲ್ಲಿ ಔಷಧದ ಬೆಳೆಯನ್ನು ವ್ಯಾಪಾರಕ್ಕಾಗಿ ಬೆಳೆಯಬಯಸುವವರು ಮಾತ್ರ, ಸಸಿ ಮಾರುವವರ ಮಾತನ್ನು ನಂಬಿ ದುಡುಕದೆ, ಕೊಳ್ಳುವವರು ಯಾರು, ಬೆಲೆಯೆಷ್ಟು ಎಂಬುದನ್ನು ಬರಹದಲ್ಲಿ ನಿಶ್ಚಯಿಸಿಕೊಂಡ ಮೇಲೆಯೇ ನೆಡುವುದು ಜಾಣತನ.

೨೦೦೨ರ ಜೀವವೈವಿಧ್ಯ ಕಾನೂನಿನಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಆ ಸಮಿತಿಯು ಊರಿನ ಗಿಡಮರಗಳನ್ನೂ ಅವುಗಳ ಬಗೆಗಿನ ಜನರ ತಿಳಿವಳಿಕೆಯನ್ನೂ ದಾಖಲೆಪುಸ್ತಕದಲ್ಲಿ ಬರೆಯಿಸಬೇಕು. ಈ ಪುಸ್ತಕವನ್ನು ಕಚೇರಿಯಲ್ಲಿ ಕುಳಿತು ತುಂಬಿಸಿದರೆ ಪ್ರಯೋಜನವಿಲ್ಲ. ಊರಿನ ಹಿರಿಯ ಸೂಲಗಿತ್ತಿಯರನ್ನೂ ಕುರಿಗಾಹಿಗಳನ್ನೂ ನಾಟಿ ವೈದ್ಯರನ್ನೂ ಜೊತೆಗೆ ಕರೆದುಕೊಂಡು ಬದುಬೇಲಿಗಳನ್ನು ಸುತ್ತಿ, ಗಿಡವನ್ನು ಕಣ್ಣಾರೆ ಕಂಡು, ಅವರ ಮಾತಿನಲ್ಲಿಯೇ ಬರೆಯಿಸಬೇಕು. ಅರಿಶಿನದ ವ್ಯಾಜ್ಯವನ್ನು ಗೆದ್ದುದು ಬರೆದಿಟ್ಟ ಮಾತು. ಬರೆಯದೆ ಉಳಿದ ತಿಳಿವಳಿಕೆಯು ಅದನ್ನು ಬಲ್ಲ ಕೊನೆಯ ಅಜ್ಜಿಯೊಡನೆ ಮಣ್ಣಾಗುವುದು.

ಕೊನೆಗೆ, ಪ್ರತಿಯೊಬ್ಬ ಮುಖ್ಯಸ್ಥನೂ ತನ್ನ ಜಗಲಿಯ ಗೋಡೆಯ ಮೇಲೆ ಹತ್ತಿರದ ಆಸ್ಪತ್ರೆಗಳಲ್ಲಿ ಯಾವುದರಲ್ಲಿ ಹಾವಿನ ಪ್ರತಿವಿಷವೂ ನಾಯಿಕಡಿತದ ಲಸಿಕೆಯೂ ಸದಾ ದೊರೆಯುವುವೆಂಬುದನ್ನು ವಿಚಾರಿಸಿ ಬರೆಯಿಸಿಡುವುದು ಒಳ್ಳೆಯದು. ಕೆಮ್ಮು ನೆಗಡಿಗೆಂದು ಬಂದವರಿಗೆ ಹಿತ್ತಲಿನ ಎಲೆಯನ್ನು ಕೊಡಲಿ. ಹಾವಿನ ಕಡಿತ, ನಾಯಿಯ ಕಡಿತ, ಗರ್ಭಿಣಿಯ ಕಾಮಾಲೆ, ಕೂಸಿನ ಏದುಸಿರು ಎಂದು ಬಂದವರಿಗೆ ಗಾಡಿಯನ್ನು ಕೊಡಲಿ. ಹೀಗೆ ನಡೆದುಕೊಂಡಲ್ಲಿ ಹಿತ್ತಲ ಗಿಡವು ನಿಜವಾಗಿಯೂ ಮದ್ದಾಗುವುದು. ಅದರ ಹೆಸರಿಗೆ ಕೇಡು ತರುವ ಸಾವುಗಳೂ ತಪ್ಪುವುವು.